ಎರಡು ಜೀಪು, ಒಂದು ವರದಿ

ಹೊಸ ಜೀಪು ಕೊಳ್ಳುವುದೆಂದು ನಮ್ಮ ಕಚೇರಿಯಲ್ಲಿ ನಿರ್ಧಾರವಾದ ವರ್ಷ ನನಗೆ ನಲವತ್ತೇಳು ತುಂಬಿತ್ತು. ಹೈದರಾಬಾದಿಗೆ ಬಂದು ಹತ್ತೊಂಬತ್ತು ವರ್ಷವಾಗಿತ್ತು. ಅಷ್ಟೂ ವರ್ಷ ಮಾಡಿದ್ದು ಒಂದೇ ಕೆಲಸ. ಆಂಧ್ರದ ಹಳ್ಳಿಗಳಿಗೆ ಹೋಗುವುದು, ನೆಲಕ್ಕೆ ಕಬ್ಬಿಣದ ಗೂಟ ಹೊಡೆಯುವುದು, ತಂತಿ ಎಳೆದು ವಿದ್ಯುತ್ ಹಾಯಿಸುವುದು, ಕೆಳಗೆ ನೀರಿದೆಯೋ ಬರೀ ಬಂಡೆಯಿದೆಯೋ ಅಳೆದು ಬರೆದುಕೊಳ್ಳುವುದು. ಕೇಂದ್ರ ಸರ್ಕಾರದ ನೌಕರಿ. ನೀರು ಬೇಕೆಂದು ಕರೆಸುವ ಊರುಗಳಿಗೆ ಸಾಮಾನ್ಯವಾಗಿ ರಸ್ತೆಯೂ ಇರುತ್ತಿರಲಿಲ್ಲ. ಕೆರೆಯ ಅಂಗಳ, ಹಳ್ಳದ ಮರಳು, ಬಂಡೆಯ ಮೈ, ಇವೇ ನಮ್ಮ ದಾರಿ.

ಹಾಗೆ ಜೀಪಿನಲ್ಲಿ ಕೂತು ಕೂತು ನನ್ನ ಸೊಂಟ ಕೆಟ್ಟಿತ್ತು. ಬೆಳಿಗ್ಗೆ ಏಳಬೇಕಾದರೆ ಮೊದಲು ಬಲಕ್ಕೆ ಹೊರಳಬೇಕು, ಮೊಣಕಾಲು ಮಡಚಬೇಕು, ಕೈಯೂರಬೇಕು, ಆಮೇಲೆ ಸ್ವಲ್ಪ ಹೊತ್ತು ಹಾಗೇ ಕೂತಿರಬೇಕು. ಡಾಕ್ಟರರು ಅಗಲವಾದ ಬೆಲ್ಟು ಕೊಟ್ಟಿದ್ದರು. ಅದನ್ನು ನನ್ನ ಹೆಂಡತಿ ಬಿಗಿಯುತ್ತಿದ್ದಳು. ದಿಲ್‌ಸುಖ್‌ನಗರದ ನಮ್ಮ ಬಾಡಿಗೆ ಮನೆಯ ಮಾಳಿಗೆ ಇಳಿದು ಬರುವಷ್ಟರಲ್ಲಿ ನನಗೆ ಅರ್ಧ ದಿನದ ಕೆಲಸ ಮುಗಿದಂತೆ ಅನ್ನಿಸುತ್ತಿತ್ತು.

ಹಳೆಯ ಜೀಪು ಮಹಬೂಬನಗರದ ಕಡೆ ಗೇರ್‌ಬಾಕ್ಸ್ ಒಡೆದುಕೊಂಡು ನಿಂತ ಮೇಲೆ ಮೇಲಧಿಕಾರಿಗಳು ನನ್ನನ್ನು ಕರೆದರು. ‘ಮಾರುಕಟ್ಟೆಯಲ್ಲಿ ನಮಗೆ ಆಗುವಂಥವು ಎರಡಿವೆ. ಎರಡನ್ನೂ ಓಡಿಸಿ ನೋಡಿ. ಯಾವುದು ಬೇಕೆಂದು ಬರೆದುಕೊಡಿ, ಅದನ್ನೇ ತರಿಸೋಣ’ ಎಂದರು. ಅವರಿಗೆ ಯಾವುದಾದರೂ ಆಗುತ್ತಿತ್ತು. ಅವರು ಕ್ಷೇತ್ರಕ್ಕೆ ಬರುವುದು ವರ್ಷಕ್ಕೆ ಒಂದು ಸಲ, ಅದೂ ಕಾರಿನಲ್ಲಿ.

ಇಂಥ ಗಾಡಿಗಳಿಗೆ ಎಸ್‌ಯುವಿ ಎಂಬ ಹೆಸರು ಆಮೇಲೆ ಬಂತು. ಆಗ ಎಲ್ಲವೂ ಜೀಪೇ. ಕಂಪನಿ ಎರಡು, ಹಗೆ ಒಂದು. ಇವರ ಮಾರಾಟಗಾರರ ಮುಂದೆ ಅವರ ಹೆಸರೆತ್ತುವಂತಿರಲಿಲ್ಲ. ಒಂದು ಡೀಸೆಲ್ ಗಾಡಿ. ದಪ್ಪ ತಗಡಿನ ಮೈ, ಮೇಲೆ ತಾಡಪತ್ರಿ, ಹೊರಟರೆ ಎರಡು ಓಣಿಯಾಚೆಗೆ ಕೇಳಿಸುವ ಎಂಜಿನ್ನು. ಯಾವ ತಾಲ್ಲೂಕಿನ ಮೆಕ್ಯಾನಿಕ್ಕೂ ಅದನ್ನು ಬಿಚ್ಚಿ ಜೋಡಿಸಬಲ್ಲ. ಇನ್ನೊಂದು ಪೆಟ್ರೋಲಿನದು. ಹಗುರ, ಸದ್ದು ಕಡಿಮೆ, ಗೇರು ಬೆಣ್ಣೆಯ ಹಾಗೆ ಬೀಳುತ್ತಿತ್ತು. ಆದರೆ ಎಣ್ಣೆ ಕುಡಿಯುತ್ತದೆ, ಬಿಡಿಭಾಗ ದೊಡ್ಡ ಊರಲ್ಲೇ ಸಿಗಬೇಕು. ಎರಡರಲ್ಲೂ ನಾಲ್ಕೂ ಚಕ್ರಕ್ಕೆ ಬಲ ಕಳಿಸುವ ಸನ್ನೆಕೋಲಿತ್ತು. ನಾವು ಅವನ್ನು ಡೀಸೆಲ್ಲು, ಪೆಟ್ರೋಲು ಎಂದೇ ಕರೆಯುತ್ತಿದ್ದೆವು.

ಪರೀಕ್ಷೆಗೆ ಮೂರು ಜನ ಗೊತ್ತಾದೆವು. ನಾನು; ನನ್ನ ಕೈಕೆಳಗಿನ ಎಂಜಿನಿಯರ್, ವಾರಂಗಲ್ ಕಡೆಯವನು, ಮೂವತ್ತರ ಆಸುಪಾಸು, ತೆಲುಗಿನಲ್ಲಿ ಕಡಿಮೆ ಮಾತು, ಕಾಗದದ ಮೇಲೆ ಇನ್ನೂ ಕಡಿಮೆ, ಆದರೆ ಬರೆದ ಅಂಕಿ ಒಂದೂ ತಪ್ಪದವನು; ಮತ್ತು ನಮ್ಮ ಡ್ರೈವರ್. ಡ್ರೈವರ್ ಬೀದರ ಕಡೆಯವರು. ನಾಂಪಲ್ಲಿ ಸ್ಟೇಷನ್ನಿನ ಹಿಂದೆ ಮನೆ. ಮನೆಯಲ್ಲಿ ದಖನಿ ಉರ್ದು, ನನ್ನ ಹತ್ತಿರ ಕನ್ನಡ. ನನಗಿಂತ ಹತ್ತು ವರ್ಷ ದೊಡ್ಡವರಾದ್ದರಿಂದ ನಾನು ಚಾಚಾ ಎನ್ನುತ್ತಿದ್ದೆ, ಅವರು ನನಗೆ ಸಾಹೇಬ್ರು ಎನ್ನುತ್ತಿದ್ದರು. ನನ್ನ ಇಡೀ ಸೇವೆಯಲ್ಲಿ ಬೇರೆಯವರ ಪಕ್ಕ ಕೂತದ್ದು ಬಹಳ ಕಡಿಮೆ. ಅವರ ನಿವೃತ್ತಿಗೆ ಇನ್ನು ಹನ್ನೊಂದು ತಿಂಗಳಿತ್ತು.

ಒಂದೂವರೆ ತಿಂಗಳು ಪತ್ರವ್ಯವಹಾರದಲ್ಲೇ ಹೋಯಿತು. ಗಾಡಿ ಕೊಡಿ ಎಂದು ಶೋರೂಮಿಗೆ ಪತ್ರ, ಕೊಡುತ್ತೇವೆ ಎಂದು ಅವರ ಪತ್ರ, ಯಾವ ದಿನವೆಂದು ಮತ್ತೆ ನಮ್ಮ ಪತ್ರ. ಬಣ್ಣದ ಕೈಪಿಡಿಗಳು ಮನೆಗೂ ಬಂದವು. ನಾನು ನೆಲದ ಮೇಲೆ ಅಂಗಾತ ಮಲಗಿ ಅವನ್ನು ಓದುತ್ತಿದ್ದೆ. ಉದ್ದ, ಅಗಲ, ನೆಲದಿಂದ ಎಷ್ಟು ಎತ್ತರ, ಎಷ್ಟು ಆಳದ ನೀರು ದಾಟುತ್ತದೆ, ಎಲ್ಲವೂ ಇತ್ತು. ಕೂತವರ ಸೊಂಟಕ್ಕೆ ಏನಾಗುತ್ತದೆಂದು ಎರಡರಲ್ಲೂ ಬರೆದಿರಲಿಲ್ಲ. ನನ್ನ ಹೆಂಡತಿ ಒಂದು ಸಲ ಚಿತ್ರ ನೋಡಿದಳು.

‘ಇದರಾಗ ಯಾವುದರಿ ಮೆತ್ತಗಿರೋದು?’

‘ಪೆಟ್ರೋಲಿಂದು. ಮೆತ್ತಗ ಅಂದ್ರ ಮೆತ್ತಗೇನಲ್ಲ. ಇದ್ದದ್ದರಾಗ.’

‘ಮತ್ತ ಅದನ್ನ ಬರದು ಕೊಡ್ರಿ. ಅದಕ್ಯಾಕ ಪರೀಕ್ಷಾ ಗಿರೀಕ್ಷಾ?’

‘ನನ್ನ ನಡಕ್ಕ ಛಲೋ ಅಂತ ಬರದ್ರ ಸರ್ಕಾರ ಗಾಡಿ ಕೊಡಸ್ತೈತೇನು?’

‘ಇಷ್ಟು ವರ್ಷ ನಡ ಕೊಟ್ಟೀರಲ್ಲ ಸರ್ಕಾರಕ್ಕ’ ಎಂದು ಅವಳು ಒಳಗೆ ಹೋದಳು.

ಮೊದಲು ಡೀಸೆಲ್ ಬಂತು. ನಾಗಾರ್ಜುನಸಾಗರದ ರಸ್ತೆಯಲ್ಲಿ ಒಂದು ಗಂಟೆ ಹೋದರೆ ನಮಗೆ ಗೊತ್ತಿದ್ದ ಒಂದು ಊರಿತ್ತು. ಅಲ್ಲಿ ನಮಗೆ ಬೇಕಾದದ್ದೆಲ್ಲ ಒಂದೇ ಕಡೆ ಸಿಗುತ್ತಿತ್ತು: ಕಲ್ಲಿನ ಗುಡ್ಡ, ಮರಳು ತುಂಬಿದ ಹಳ್ಳ, ಅರ್ಧ ಒಣಗಿದ ಕೆರೆ. ಎರಡೂ ಗಾಡಿಯನ್ನು ಅದೇ ದಾರಿಯಲ್ಲಿ, ಅಷ್ಟೇ ಸಾಮಾನು ಹೇರಿ, ಅದೇ ಡ್ರೈವರ್ ಓಡಿಸಬೇಕೆಂದು ನಾನೇ ಗೊತ್ತು ಮಾಡಿದ್ದೆ. ಡ್ರೈವರ್ ಬದಲಾದರೆ ಹೋಲಿಕೆ ನ್ಯಾಯವಾಗುವುದಿಲ್ಲ ಎಂಬುದು ನನ್ನ ವಾದ.

ಡೀಸೆಲ್ ಎಲ್ಲವನ್ನೂ ಮಾಡಿತು. ಗುಡ್ಡ ಹತ್ತಿತು, ನಿಧಾನವಾಗಿ, ಗೊಣಗುತ್ತ ಹತ್ತಿತು. ಕೆರೆಯ ಕೆಸರಿನಲ್ಲಿ ಎರಡು ಸಲ ಜಾರಿ ಮೂರನೆಯದಕ್ಕೆ ಎದ್ದಿತು. ಮರಳಿನಲ್ಲಿ ಮಾತ್ರ ಭಾರಕ್ಕೆ ಕುಸಿಯಿತು; ಗೂಟಕ್ಕೆ ಮಣ್ಣು ಅಗೆಯುವ ಸಲಿಕೆಯಿಂದಲೇ ಚಕ್ರ ಬಿಡಿಸಿದೆವು. ಸಂಜೆ ಹೊತ್ತಿಗೆ ನನ್ನ ಎಡಗಾಲು ಜೋಮು ಹಿಡಿದಿತ್ತು. ಚಾಚಾ ಇಳಿದವರೇ ಭುಜ ತಿರುವಿಕೊಂಡರು.

‘ಸಾಹೇಬ್ರ, ಇದು ಎಲ್ಲಿಗಿ ಬೇಕಾದ್ರೂ ಹೋಗ್ತೈತ್ರಿ. ಆದ್ರ ಒಳಗ ಕುಂತವ್ರಿಗಿ ಎಲ್ಲಿಗೂ ಹೋಗೋದೇ ಬ್ಯಾಡ ಅನಸ್ತೈತಿ’ ಎಂದರು.

ಎಂಜಿನಿಯರ್ ಒಂದು ಪುಟದಲ್ಲಿ ಎಲ್ಲ ಬರೆದುಕೊಂಡ.

ಎಂಟು ದಿನದ ಮೇಲೆ ಪೆಟ್ರೋಲ್ ಗಾಡಿ ಬಂತು. ಸರ್ಕಾರಿ ಕಚೇರಿಯೆಂದು ನಂಬಿ ಶೋರೂಮಿನವರು ತಮ್ಮ ಆಳನ್ನೂ ಕಳಿಸದೆ ಕೀಲಿ ಕೈಗೆ ಕೊಟ್ಟರು. ಊರು ದಾಟುವ ಮೊದಲೇ ನಮ್ಮ ಮೂವರಿಗೂ ಮನಸ್ಸಿನಲ್ಲಿ ತೀರ್ಮಾನವಾಗಿತ್ತು. ‘ಎರಡು ಬಟ್ಟಿನ್ಯಾಗ ತಿರಗ್ತೈತಿ ನೋಡ್ರಿ ಸ್ಟೀರಿಂಗು’ ಎಂದು ಚಾಚಾ ಎರಡು ಬೆರಳೆತ್ತಿ ತೋರಿಸಿದರು. ಅಷ್ಟು ಖುಷಿಯಾಗಿ ಅವರನ್ನು ನಾನು ಬಹಳ ದಿನದಿಂದ ಕಂಡಿರಲಿಲ್ಲ. ಗುಡ್ಡವನ್ನು ಅದು ಒಂದೇ ಉಸಿರಿನಲ್ಲಿ ಹತ್ತಿತು. ಡೀಸೆಲ್ ಕುಸಿದಿದ್ದ ಮರಳಿನಲ್ಲಿ ನಿಲ್ಲದೆ ಹಾದುಹೋಯಿತು. ಕೆರೆಯ ಕೆಸರಿನಲ್ಲಿ ಅದೂ ಎರಡು ಸಲ ಜಾರಿಯೇ ಎದ್ದಿತು. ಹಿಂದೆ ಕೂತಿದ್ದ ಎಂಜಿನಿಯರ್ ಮೊದಲ ಸಲ ನಕ್ಕ. ನಾನೂ ಇನ್ನು ಹತ್ತು ವರ್ಷ ಇದರಲ್ಲಿ ಕೂರಬಹುದು ಎಂದು ಲೆಕ್ಕ ಹಾಕಿದೆ.

ಕೆರೆಯ ಏರಿಯ ಕೆಳಗಿನ ದಾರಿಯಷ್ಟೇ ಉಳಿದಿತ್ತು. ಹೊತ್ತು ಇಳಿಯುತ್ತಿತ್ತು. ನಾವು ಮೂಡಣಕ್ಕೆ ಹೋಗುತ್ತಿದ್ದೆವು; ಬಿಸಿಲು ನಮ್ಮ ಬೆನ್ನಿಗೆ, ಗಾಡಿಯ ನೆರಳು ಮುಂದೆ ಉದ್ದಕ್ಕೆ ಬಿದ್ದಿತ್ತು. ದಾರಿಗೆ ಅಡ್ಡಲಾಗಿ ಯಾರೋ ಪೈಪು ಹಾಕಲು ಹೊಸದಾಗಿ ಕಾಲುವೆ ಅಗೆದಿದ್ದರು. ಆಚೆ ಕೆಂಪು ಮಣ್ಣಿನ ಗುಡ್ಡೆ, ಈಚೆ ಎರಡು ಕಲ್ಲು ಇಟ್ಟಿದ್ದರು. ನನಗೆ ಅದು ದೂರದಿಂದಲೇ ಕಂಡಿತ್ತು. ಚಾಚಾ ನಿಲ್ಲಿಸುತ್ತಾರೆ ಎಂದು ಸುಮ್ಮನೆ ಕೂತಿದ್ದೆ. ಹತ್ತು ಮಾರು ಉಳಿದಾಗಲೂ ಸುಮ್ಮನಿದ್ದೆ. ಹತ್ತೊಂಬತ್ತು ವರ್ಷ ಅವರ ಪಕ್ಕದಲ್ಲಿ ಕೂತವನು ನಾನು. ಅವರಿಗೆ ದಾರಿ ಹೇಳುವುದು ನನಗೆ ಅಭ್ಯಾಸವೇ ಇರಲಿಲ್ಲ.

ಗಾಡಿ ನೇರ ಹೋಗಿ ಕಾಲುವೆಗೆ ಮೂತಿ ಹಾಕಿತು.

ನನ್ನ ಹಣೆ ಎದುರಿನ ಕಂಬಿಗೆ ಬಡಿಯಿತು. ಸೊಂಟದಿಂದ ಕಾಲಿನವರೆಗೆ ಬಿಸಿ ತಂತಿ ಎಳೆದಂತಾಯಿತು. ಎಂಜಿನ್ನು ನಿಂತು ಹೋಗಿತ್ತು. ಕೆಳಗೆಲ್ಲೋ ಎಣ್ಣೆ ತೊಟ್ಟಿಕ್ಕುವ ಸದ್ದು. ಎಂಜಿನಿಯರ್ ಹಿಂದಿನಿಂದ ಜಿಗಿದು ಬಂದು ಬಾಗಿ ನೋಡಿದ. ಮುಂದಿನ ಬಂಪರು ಒಳಕ್ಕೆ ಮಡಚಿತ್ತು, ಕಲ್ಲೊಂದು ಬಡಿದು ಎಂಜಿನ್ನಿನ ಕೆಳಗಿನ ಎಣ್ಣೆ ಬಟ್ಟಲು ಸೀಳಿತ್ತು.

‘ಸೂರ್ಯ ಕಣ್ಣಿಗಿ ಬಿತ್ರಿ’ ಎಂದರು ಚಾಚಾ.

ನಾನು ನಮ್ಮ ಮುಂದಿದ್ದ ನೆರಳು ನೋಡಿದೆ.

ಊರಿನ ಟ್ರಾಕ್ಟರಿನವರು ಹಗ್ಗ ಕಟ್ಟಿ ಗಾಡಿಯನ್ನು ಮೇಲೆ ಎಳೆದರು. ಶೋರೂಮಿನವರು ಬಂದು ಒಯ್ಯುವವರೆಗೆ ಅಲ್ಲೇ ಇರುತ್ತೇನೆಂದು ಎಂಜಿನಿಯರ್ ಹೇಳಿದ. ನನ್ನ ಸ್ಥಿತಿ ನೋಡಿ, ‘ಸಾರ್, ನೀವು ಬಸ್ಸಿಗೆ ಹೋಗಿಬಿಡಿ, ಚಾಚಾ ಜೊತೆಗೆ ಬರುತ್ತಾರೆ’ ಎಂದ. ಅವನೂ ನಾನೂ ಮಾತಾಡುವುದು ತೆಲುಗಿನಲ್ಲಿ. ಇಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇನೆ.

ದೊಡ್ಡ ರಸ್ತೆಗೆ ಬಂದು ಬೇವಿನ ಮರದ ಕೆಳಗೆ ನಿಂತೆವು. ಅಲ್ಲಿ ಒಬ್ಬ ಹೆಂಗಸು ಬುಟ್ಟಿಯಲ್ಲಿ ಪೇರಲ ಇಟ್ಟುಕೊಂಡು ಕೂತಿದ್ದಳು. ಚಾಚಾ ನನ್ನ ಕಡೆ ನೋಡದೆ ರಸ್ತೆಯನ್ನೇ ನೋಡುತ್ತಿದ್ದರು. ಒಂದು ಬಸ್ಸು ಬಂತು. ಹಣೆಯ ಮೇಲೆ ಕೈಯಗಲದ ತೆಲುಗು ಅಕ್ಷರ. ಮೈಲಿಗಲ್ಲು ಓದಿ ಓದಿಯೇ ತೆಲುಗು ಕಲಿತವರು ಅವರು, ನನಗಿಂತ ಚೆನ್ನಾಗಿ ಓದುತ್ತಿದ್ದರು. ಬಸ್ಸು ಇಪ್ಪತ್ತು ಹೆಜ್ಜೆ ದೂರದಲ್ಲಿತ್ತು. ಅವರು ಪೇರಲದ ಹೆಂಗಸಿನ ಕಡೆ ಬಗ್ಗಿ, ‘ಏಮ್ಮಾ, ಸಿಟಿ ಬಸ್ಸೇನಾ ಇದಿ?’ ಎಂದು ಮೆಲ್ಲಗೆ ಕೇಳಿದರು.

ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತು. ಸ್ವಲ್ಪ ದೂರ ಹೋದ ಮೇಲೆ ಕೇಳಿದೆ.

‘ಎಷ್ಟು ದಿನ ಆತು ಚಾಚಾ?’

ಅವರು ಯಾವುದು ಎಂದು ಕೇಳಲಿಲ್ಲ. ‘ಎರಡು ವರ್ಷ ಆಗ್ತ ಬಂತ್ರಿ. ಬಲಗಣ್ಣು ಮೊದಲ ಹ್ವಾತು. ಪೂರಾ ಹಾಲು ಸುರದಂಗ. ಈಗೀಗ ಎಡಗಣ್ಣಿಗೂ ಬರಾಕತ್ತೈತಿ. ಮುಂಜಾನಿ ಛಲೋ ಇರ್ತೈತ್ರಿ. ಹೊತ್ತು ಇಳದ ಮ್ಯಾಲ ಮಣ್ಣು, ದಾರಿ ಎಲ್ಲ ಒಂದ ಆಗ್ತೈತಿ.’

‘ಮತ್ತ ವರ್ಷಾ ವರ್ಷಾ ಆಫೀಸಿನವ್ರು ಕಣ್ಣು ತಪಾಸಣಿ ಮಾಡಸ್ತಾರಲ್ಲ?’

‘ಮಾಡಸ್ತಾರ್ರಿ. ಆ ಗ್ವಾಡಿ ಮ್ಯಾಲಿನ ಹಲಗಿ ನಂಗ ಬಾಯಿಪಾಠ ಐತಿ.’ ಅವರು ಕಿಟಕಿಯ ಕಡೆ ತಿರುಗಿ ಮೆಲ್ಲಗೆ ಹೇಳತೊಡಗಿದರು: ‘ಇ. ಎಫ್, ಪಿ. ಟಿ, ಓ, ಝಡ್. ಎಲ್, ಪಿ, ಇ, ಡಿ…’ ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಬಾಗಿಲ ಹತ್ತಿರ ನಿಂತು, ಮುಂದಿದ್ದವರು ಓದುವುದನ್ನು ಕೇಳಿ ಕೇಳಿ ಕಲಿತಿದ್ದರಂತೆ. ಪೂರ್ತಿ ಆರು ಸಾಲು ಹೇಳಿ ಮುಗಿಸಿದರು.

ನನಗೆ ಸಿಟ್ಟು ಬಂತು. ಆವರೆಗೆ ಬರದಿದ್ದದ್ದು ಒಮ್ಮೆಲೇ ಬಂತು. ‘ಎರಡು ವರ್ಷ! ನಾವು ಎಷ್ಟು ಊರು ತಿರಗೀವಿ ಇದರಾಗ? ಎಷ್ಟು ಸಾಲಿ ಮುಂದ ಹಾದು ಬಂದೀವಿ? ಒಂದು ಕೂಸು ಅಡ್ಡ ಬಂದಿದ್ರ?’

‘ಬಂದಿಲ್ರಿ.’

‘ಬಂದಿದ್ರ?’

ಮುಂದಿನ ಊರು ಬಂದು ಹೋಯಿತು. ಆಮೇಲೆ, ‘ದಿನಾ ಮುಂಜಾನಿ, ಇವತ್ತ ಸಾಹೇಬ್ರಿಗಿ ಹೇಳ್ತೀನಿ ಅಂತ ಮನ್ಯಾಗಿಂದ ಬರ್ತೀನ್ರಿ. ನೀವು ನಡ ಹಿಡಕೊಂಡು ಹತ್ತತೀರಿ. ಇವರದ ಇವರಿಗಿ ಹೆಚ್ಚಾಗೈತಿ, ನಾಳಿಗಿ ಹೇಳಿದ್ರಾತು ಅಂತ ಬಿಡ್ತೀನಿ’ ಎಂದರು.

ಆಪರೇಷನ್ ಏಕೆ ಮಾಡಿಸಲಿಲ್ಲ ಎಂದು ಕೇಳಿದೆ. ಅವರ ತಂದೆಗೆ ಹೀಗೆಯೇ ಪೊರೆ ಬಂದಿತ್ತಂತೆ. ಊರಿಗೆ ಬಂದ ಯಾವನೋ ಸೂಜಿ ಹಾಕಿ ತೆಗೆಯುತ್ತೇನೆಂದು ಎರಡೂ ಕಣ್ಣು ಕಳೆದನಂತೆ. ಅದೊಂದು ಹೆದರಿಕೆ. ಇನ್ನೊಂದು, ಕಣ್ಣಿನ ವಿಷಯ ಕಚೇರಿಗೆ ಗೊತ್ತಾದರೆ ‘ಅನ್‌ಫಿಟ್’ ಎಂದು ಬರೆದು ಮನೆಗೆ ಕಳಿಸಿಬಿಡುತ್ತಾರೆ ಎಂಬುದು. ಮೂವತ್ತನಾಲ್ಕು ವರ್ಷ ಗಾಡಿ ಓಡಿಸಿ, ಕೊನೆಯ ವರ್ಷ ಕುರುಡ ಎನ್ನಿಸಿಕೊಂಡು ಹೋಗುವುದು ಅವರಿಂದ ಆಗುತ್ತಿರಲಿಲ್ಲ. ನಿಯಮ ನಿಜವಾಗಿ ಹಾಗಿತ್ತೋ ಇಲ್ಲವೋ ನನಗೂ ಆಗ ಗೊತ್ತಿರಲಿಲ್ಲ. ಆದರೆ ಇಂದಿನ ಅಪಘಾತ ಡ್ರೈವರನ ತಪ್ಪೆಂದು ಕಾಗದದ ಮೇಲೆ ಬಂದರೆ ವಿಚಾರಣೆ ಆಗುತ್ತದೆ, ವಿಚಾರಣೆ ಆದರೆ ಸರಿಯಾದ ಡಾಕ್ಟರು ನೋಡುತ್ತಾರೆ, ಅಷ್ಟು ಗೊತ್ತಿತ್ತು.

ನಾಂಪಲ್ಲಿಯಲ್ಲಿ ಇಳಿದಾಗ ಅವರ ಕೈ ಹಿಡಿದು ರಸ್ತೆ ದಾಟಿಸಿದೆ. ಅವರು ನನ್ನ ಸೊಂಟಕ್ಕೆ ಆಸರೆ ಕೊಟ್ಟರು. ಯಾರು ಯಾರನ್ನು ದಾಟಿಸಿದೆವೋ ಹೇಳುವುದು ಕಷ್ಟ.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ಹಣೆಯ ಗಾಯಕ್ಕೆ ಅರಿಶಿನ ಒತ್ತುತ್ತ ಕೇಳಿದಳು.

‘ಈಗ ಏನು ಬರೀತೀರಿ?’

‘ಗೊತ್ತಿಲ್ಲ.’

‘ಏನರೆ ಬರೀರಿ. ಆದ್ರ ಅವರು ಕಣ್ಣು ತೋರಸೋ ತನಕ ಗಾಡಿ ಮುಟ್ಟಬಾರದು. ನಿಮಗ ಅವರ ಮ್ಯಾಲ ಎಷ್ಟ ಪ್ರೀತಿ ಇದ್ರೂ ಇದನ್ನ ಬಿಡಬ್ಯಾಡ್ರಿ.’

ಮರುದಿನ ನಾನು ಚಾಚಾಗೆ ಹೇಳಿದ್ದು ಅಷ್ಟೇ. ಇವತ್ತಿನಿಂದ ಮನೆಯ ಕೆಲಸವೆಂದು ರಜೆ ಹಾಕಬೇಕು, ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋಗುತ್ತೇನೆ, ಡಾಕ್ಟರರು ಕಣ್ಣು ಸರಿಯಿದೆ ಎಂದು ಬರೆದುಕೊಟ್ಟ ದಿನ ಮಾತ್ರ ಸ್ಟೀರಿಂಗು ಹಿಡಿಯಬೇಕು. ಅವರು ತಲೆಯಾಡಿಸಿದರು. ‘ಮತ್ತ ವರದಿ?’ ಎಂದು ಕೇಳಲಿಲ್ಲ. ಕೇಳಿದ್ದರೆ ನನಗೆ ಸ್ವಲ್ಪ ಸುಲಭವಾಗುತ್ತಿತ್ತೇನೋ.

ಶೋರೂಮಿನಿಂದ ಪತ್ರ ಬಂದಿತ್ತು. ಬಯ್ದಿರಲಿಲ್ಲ; ಗಾಡಿ ಹೇಗೆ ಬಿತ್ತೆಂದು ತಿಳಿಸಬೇಕೆಂದು ಕೇಳಿದ್ದರು. ಮೇಲಧಿಕಾರಿಗಳು ಅದನ್ನು ನನ್ನ ಮುಂದಿಟ್ಟು, ‘ಸೋಮವಾರದ ಒಳಗೆ ವರದಿ ಕೊಡಿ. ಗಾಡಿ ಯಾಕೆ ಬಿತ್ತು ಅನ್ನುವುದನ್ನು ಒಂದು ಸಾಲಿನಲ್ಲಿ ಬರೆದು ಮುಗಿಸಿ’ ಎಂದರು.

ಎಂಜಿನಿಯರ್ ಆಗಲೇ ಕರಡು ಬರೆದಿದ್ದ. ಅಂಕಿ ಅಂಶ ಎಲ್ಲ ಅಚ್ಚುಕಟ್ಟು. ಗುಡ್ಡಕ್ಕೆ ಪೆಟ್ರೋಲು ಮೇಲು, ಮರಳಿಗೆ ಪೆಟ್ರೋಲು ಮೇಲು, ಕೆಸರಿಗೆ ಎರಡೂ ಸಮ, ರಿಪೇರಿಗೆ ಮತ್ತು ಎಣ್ಣೆಗೆ ಡೀಸೆಲ್ಲು ಮೇಲು. ಶಿಫಾರಸು ಪೆಟ್ರೋಲ್ ಗಾಡಿಗೆ. ಕೊನೆಗೆ ಒಂದು ಸಾಲು: ಅಪಘಾತಕ್ಕೆ ಕಾರಣ ಚಾಲಕನ ಗಮನವಿಲ್ಲದಿರುವಿಕೆ, ವಾಹನದ ದೋಷವಲ್ಲ.

ನಾನು ಅದನ್ನು ಇಡೀ ಮಧ್ಯಾಹ್ನ ಎದುರಿಗಿಟ್ಟುಕೊಂಡು ಕೂತೆ. ಆಮೇಲೆ ಬೇರೆ ಹಾಳೆ ತೆಗೆದುಕೊಂಡು ಬರೆದೆ. ಪೆಟ್ರೋಲ್ ವಾಹನದ ಮುಂಭಾಗ ತಗ್ಗು. ಎಂಜಿನ್ನಿನ ಕೆಳಭಾಗಕ್ಕೆ ಸಾಕಷ್ಟು ರಕ್ಷಣೆಯಿಲ್ಲ. ಸಾಧಾರಣ ತಗ್ಗಿನಲ್ಲಿ ಇಳಿಸಿದಾಗಲೇ ಪೆಟ್ಟು ತಿಂದಿತು. ನಮ್ಮ ಕ್ಷೇತ್ರಕಾರ್ಯಕ್ಕೆ ಡೀಸೆಲ್ ವಾಹನವೇ ತಕ್ಕದ್ದು.

ಎಂಜಿನಿಯರ್ ಓದಿದ. ಮತ್ತೆ ಓದಿದ.

‘ಸಾರ್, ಆ ಕಾಲುವೆ ಎದೆಯಾಳ ಇತ್ತು. ಅದರಲ್ಲಿ ಯಾವ ಗಾಡಿ ಬಿದ್ದರೂ ಹಾಗೇ ಆಗುತ್ತಿತ್ತು.’

‘ಗೊತ್ತು.’

‘ಚಾಚಾ ಸೂರ್ಯ ಅಂದರು. ನಾನು ಹಿಂದೆ ಕೂತಿದ್ದೆ, ಆದರೆ ನೆರಳು ಯಾವ ಕಡೆ ಇತ್ತೆಂದು ನನಗೂ ಕಾಣುತ್ತಿತ್ತು ಸಾರ್.’

ಆಗ ಅವನಿಗೆ ಎಲ್ಲ ಹೇಳಿಬಿಟ್ಟೆ. ಕಣ್ಣು, ಆಸ್ಪತ್ರೆ, ನಿವೃತ್ತಿಗೆ ಉಳಿದ ಒಂಬತ್ತು ತಿಂಗಳು. ಅವನು ಕೇಳಿಸಿಕೊಂಡ. ‘ಪಾಪ’ ಎಂದ. ನಿಜವಾಗಿಯೇ ಅಂದ. ಆಮೇಲೆ ಹೇಳಿದ: ‘ಅವರ ಕಣ್ಣಿನ ವಿಷಯ ನಾನು ಯಾರಿಗೂ ಹೇಳುವುದಿಲ್ಲ. ಆದರೆ ಅದಕ್ಕೂ ಈ ಗಾಡಿಗೂ ಏನು ಸಂಬಂಧ? ಕಾರಣ ಗೊತ್ತಾಗಲಿಲ್ಲ ಎಂದು ಬರೆಯಿರಿ, ಸುಮ್ಮನಿರಿ. ಒಳ್ಳೆಯ ಗಾಡಿಯನ್ನು ಕೆಟ್ಟದ್ದೆಂದು ಬರೆಯಬೇಡಿ.’

‘ಕಾರಣ ಗೊತ್ತಾಗಲಿಲ್ಲ ಅಂದರೆ ಹುಡುಕುತ್ತಾರೆ. ಗಾಡಿಯ ಮೇಲೆ ಹಾಕಿದರೆ ಯಾರೂ ಹುಡುಕುವುದಿಲ್ಲ.’

ಅವನು ಸಹಿ ಮಾಡಲು ಒಪ್ಪಲಿಲ್ಲ. ಎರಡು ದಿನ ಬಿಟ್ಟು, ಸೋಮವಾರ ಬೆಳಿಗ್ಗೆ ನನ್ನ ಮೇಜಿನ ಹತ್ತಿರ ಬಂದು, ನಿಂತೇ ಸಹಿ ಹಾಕಿ, ಪೆನ್ನಿನ ಮುಚ್ಚಳ ಹಾಕಿಕೊಂಡು ಹೋದ. ಅವನು ಕೊಟ್ಟ ಕರಡನ್ನು ನಾನು ಹರಿಯಲಿಲ್ಲ. ಹರಿಯಬೇಕೆಂದು ಎರಡು ಸಲ ಕೈಗೆತ್ತಿಕೊಂಡಿದ್ದೆ.

ಚಾಚಾನ ಬಲಗಣ್ಣಿಗೆ ಆಪರೇಷನ್ ಆಯಿತು. ಒಳಗೆ ಹೋಗುವ ಮುಂಚೆ ಅವರು ನನ್ನ ಮೊಣಕೈ ಹಿಡಿದುಕೊಂಡಿದ್ದು ಬಿಡಲೇ ಇಲ್ಲ. ನರ್ಸಮ್ಮ ಬಂದು ಬೆರಳು ಬಿಡಿಸಬೇಕಾಯಿತು. ನಾನೂ ಅವರ ಹೆಂಡತಿಯೂ ಹೊರಗೆ ಕಲ್ಲಿನ ಬೆಂಚಿನ ಮೇಲೆ ಕೂತೆವು. ಆ ತಾಯಿಗೆ ಗಂಡನ ಕಣ್ಣಿನ ವಿಷಯ ನನಗಿಂತ ಹೆಚ್ಚೇನೂ ಮೊದಲು ಗೊತ್ತಿರಲಿಲ್ಲ. ಊಟಕ್ಕೆ ಕೂತಾಗ ಚಾಚಾ ತಟ್ಟೆಯಲ್ಲಿ ಉಪ್ಪು ಯಾವ ಕಡೆಯಿದೆ ಎಂದು ಕೇಳುತ್ತಿದ್ದರಂತೆ. ವಯಸ್ಸಾಯಿತು, ಸೋಮಾರಿತನ ಎಂದು ಆಕೆ ಅಂದುಕೊಂಡಿದ್ದರಂತೆ. ಆ ಬೆಂಚಿನಲ್ಲಿ ಒಂದು ತಾಸಿಗಿಂತ ಹೆಚ್ಚು ಕೂರಲಾಗದೆ ನಾನು ವರಾಂಡದಲ್ಲಿ ಗೋಡೆಗೆ ಬೆನ್ನು ಒತ್ತಿಕೊಂಡು ನಿಂತೆ. ಬಂದವರೆಲ್ಲ ನನ್ನನ್ನೇ ರೋಗಿಯೆಂದು ತಿಳಿದು ದಾರಿ ಬಿಡುತ್ತಿದ್ದರು.

ಹೊಲಿಗೆ ಬಿಚ್ಚಿ, ಕರಿ ಕನ್ನಡಕ ಹಾಕಿ, ಎರಡು ತಿಂಗಳ ಮೇಲೆ ಅವರು ಕಚೇರಿಗೆ ಬಂದರು. ಡಾಕ್ಟರರ ಚೀಟಿಯನ್ನು ನನ್ನ ಕೈಗೆ ಕೊಟ್ಟರು. ಕನ್ನಡಕ ತೆಗೆದು ನನ್ನ ಮುಖ ನೋಡಿದರು. ಸ್ವಲ್ಪ ಹೊತ್ತು ನೋಡಿದರು.

‘ಏನು ಚಾಚಾ?’

‘ಏನಿಲ್ರಿ. ನೀವು ಭಾಳ ಮುದುಕರಾಗೀರಿ ಸಾಹೇಬ್ರ. ಯಾವಾಗ ಆದ್ರಿ?’

ಇಬ್ಬರೂ ನಕ್ಕೆವು. ಆ ವರ್ಷದಲ್ಲಿ ನನಗೆ ನೆನಪಿರುವ ನಗು ಅದೊಂದೇ.

ಅಷ್ಟರಲ್ಲಿ ಡೀಸೆಲ್ ಗಾಡಿ ಬಂದಿತ್ತು. ಮಾರಿದವರು ಸಿಹಿಯ ಡಬ್ಬಿ ಹಿಡಿದುಕೊಂಡು ಬಂದು, ‘ನಿಮ್ಮ ವರದಿ ಬಹಳ ಚೆನ್ನಾಗಿತ್ತಂತೆ ಸಾರ್’ ಎಂದರು. ಡಬ್ಬಿ ವಾಪಸು ಕಳಿಸಿದೆ. ಅವರಿಗೆ ಏಕೆಂದು ತಿಳಿಯಲಿಲ್ಲ. ಪ್ರಾಮಾಣಿಕ ಅಧಿಕಾರಿ ಎಂದುಕೊಂಡು ಹೋದರು.

ಚಾಚಾ ಉಳಿದ ತಿಂಗಳುಗಳನ್ನು ಅದನ್ನೇ ಓಡಿಸಿದರು. ಹಗಲು ಮಾತ್ರ, ನಿಧಾನವಾಗಿ, ಎಡಗಣ್ಣನ್ನೂ ಡಾಕ್ಟರಿಗೆ ತೋರಿಸುತ್ತ. ನಾನು ಪಕ್ಕದಲ್ಲಿ ಕೂತು ಈಗ ದಾರಿ ನೋಡುತ್ತಿದ್ದೆ. ಹಳ್ಳ ಬಂತು, ಎಮ್ಮೆ ಬಂತು ಎಂದು ಹೇಳುತ್ತಿದ್ದೆ. ‘ಕಾಣಸ್ತೈತ್ರಿ’ ಎನ್ನುತ್ತಿದ್ದರು, ಬೇಸರವಿಲ್ಲದೆ. ಒಂದು ಸಲವೂ ಬೇಸರ ತೋರಿಸಲಿಲ್ಲ.

ಮಳೆಗಾಲ ಮುಗಿದ ಮೇಲೆ ಒಂದು ಊರಿನವರು ನೀರಿಗಾಗಿ ಬಹಳ ಒತ್ತಾಯ ಮಾಡಿ ಕರೆಸಿದ್ದರು. ದಾರಿಯಲ್ಲಿ ಅಗಲವಾದ ಹಳ್ಳ, ಪೂರ್ತಿ ಮರಳು. ನಡುಮಧ್ಯದಲ್ಲಿ ಡೀಸೆಲ್ ಗಾಡಿ ಕುಸಿದು ಕೂತಿತು. ಸಲಿಕೆ ಹಾಕಿದೆವು, ಕೊಂಬೆ ಹಾಸಿದೆವು, ಗೂಟದ ಪೆಟ್ಟಿಗೆಗಳನ್ನು ಇಳಿಸಿ ತಲೆಯ ಮೇಲೆ ಹೊತ್ತು ದಡಕ್ಕೆ ಸಾಗಿಸಿದೆವು. ಬಿಸಿಲು ನೆತ್ತಿಗೆ ಬಂದು ಇಳಿಯಿತು. ಎಂಜಿನಿಯರ್ ಮೊಣಕಾಲವರೆಗೆ ಪ್ಯಾಂಟು ಮಡಚಿ ಅಗೆಯುತ್ತಲೇ ಇದ್ದ. ನನ್ನ ಕೈಲಿ ಬಗ್ಗಲಾಗುತ್ತಿರಲಿಲ್ಲ. ಸುಮ್ಮನೆ ನಿಂತು ನೋಡುವುದು ಅಗೆಯುವುದಕ್ಕಿಂತ ಹೆಚ್ಚು ದಣಿವು ಎಂದು ಅವತ್ತು ಗೊತ್ತಾಯಿತು.

ಚಾಚಾ ಚಕ್ರದ ಪಕ್ಕ ಕೂತು ಬೆವರು ಒರೆಸಿಕೊಂಡರು. ‘ಆ ಗಾಡಿ ಆಗಿದ್ರ ದಾಟತಿತ್ರಿ’ ಎಂದರು. ನನಗೆ ಹೇಳಿದ್ದಲ್ಲ, ಮರಳಿಗೆ ಹೇಳಿದಂತಿತ್ತು. ಎಂಜಿನಿಯರ್ ಕನ್ನಡ ಅರ್ಥವಾಗದಿದ್ದರೂ ತಲೆಯೆತ್ತಿ ನೋಡಿದ. ಮತ್ತೆ ಅಗೆಯತೊಡಗಿದ. ಅವತ್ತು ನಾವು ಆ ಊರು ಮುಟ್ಟಲಿಲ್ಲ. ಮತ್ತೆ ಹೋಗಲು ಎರಡು ವಾರವಾಯಿತು. ಅಷ್ಟೂ ದಿನ ಅಲ್ಲಿನ ಹೆಂಗಸರು ಎಂದಿನಂತೆ ಎರಡು ಮೈಲಿ ಆಚೆಯಿಂದ ನೀರು ಹೊತ್ತರು.

ಚಾಚಾ ನಿವೃತ್ತರಾದ ದಿನ ಕಚೇರಿಯಲ್ಲಿ ಹಾರ ಹಾಕಿ, ಗಡಿಯಾರ ಕೊಟ್ಟು ಕಳಿಸಿದೆವು. ತಮ್ಮ ತಪ್ಪಿನಿಂದ ಒಂದೂ ಅಪಘಾತ ಮಾಡದ ಮೂವತ್ತೈದು ವರ್ಷದ ಸೇವೆ ಎಂದು ಮೇಲಧಿಕಾರಿಗಳು ಹೊಗಳಿದರು. ಚಾಚಾ ನೆಲ ನೋಡುತ್ತಿದ್ದರು. ಎಂಜಿನಿಯರ್ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದ. ಅದರಲ್ಲಿ ಕೊಂಕೇನೂ ಇರಲಿಲ್ಲ. ಆ ಬೇಸಿಗೆಯಲ್ಲಿ ಅವನಿಗೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಹೋಗುವಾಗ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಆದರೆ ಆ ವರದಿಯಾದ ಮೇಲೆ ನಾನು ಬರೆದ ಯಾವ ಕಾಗದಕ್ಕೂ ಅವನು ಓದದೆ ಸಹಿ ಹಾಕಿರಲಿಲ್ಲ, ಅದು ನನಗೆ ಗೊತ್ತಿತ್ತು.

ನನ್ನ ಸೊಂಟ ಡೀಸೆಲ್ಲಿನಲ್ಲಿ ಇನ್ನು ಎರಡು ವರ್ಷ ಬಾಳಿತು. ಆಮೇಲೆ ಡಾಕ್ಟರರು ಕ್ಷೇತ್ರಕಾರ್ಯ ಬೇಡವೆಂದರು, ನನಗೆ ಮೇಜು ಕೊಟ್ಟರು. ಬೇರೆಯವರು ಅಳೆದು ತಂದ ಅಂಕಿಗಳನ್ನು ಪಟ್ಟಿ ಮಾಡುವ ಕೆಲಸ. ಹೆಂಡತಿಗೆ ಸಮಾಧಾನವಾಯಿತು. ನನಗೂ ಆಯಿತೆಂದೇ ಹೇಳಬೇಕು, ಅಷ್ಟು ದಣಿದಿದ್ದೆ.

ಆ ಮೇಜಿಗೆ ಒಂದು ದಿನ ಪತ್ರ ಬಂತು. ಪೆಟ್ರೋಲ್ ಗಾಡಿ ತಯಾರಿಸುವ ಕಾರ್ಖಾನೆಯಿಂದ, ಅಲ್ಲಿನ ವಿನ್ಯಾಸ ವಿಭಾಗದ ಒಬ್ಬ ಎಂಜಿನಿಯರು ಬರೆದದ್ದು. ನಮ್ಮ ವರದಿಯ ಪ್ರತಿ ಹೇಗೋ ಅವರ ಕೈ ಸೇರಿತ್ತು. ‘ಮುಂಭಾಗ ತಗ್ಗು ಮತ್ತು ಕೆಳಭಾಗಕ್ಕೆ ರಕ್ಷಣೆ ಸಾಲದು ಎಂದು ತಾವು ಬರೆದಿದ್ದೀರಿ. ಬೇರೆ ಯಾರಿಂದಲೂ ಇಂಥ ದೂರು ಬಂದಿಲ್ಲ. ಆದರೆ ತಮ್ಮಂಥ ಅನುಭವಸ್ಥರು ಹೇಳಿದ್ದನ್ನು ಬಿಡಲು ಮನಸ್ಸಿಲ್ಲ. ತಗ್ಗು ಎಷ್ಟು ಆಳವಿತ್ತು, ಗಾಡಿ ಯಾವ ವೇಗದಲ್ಲಿತ್ತು, ಪೆಟ್ಟು ಎಲ್ಲಿ ಬಿತ್ತು ಎಂದು ತಿಳಿಸಿದರೆ ಸರಿಪಡಿಸಲು ನೋಡುತ್ತೇವೆ’ ಎಂದಿತ್ತು. ಬರವಣಿಗೆ ದುಂಡಾಗಿತ್ತು. ಉತ್ತರಕ್ಕೆಂದು ವಿಳಾಸ ಬರೆದು ಅಂಚೆಚೀಟಿ ಅಂಟಿಸಿದ ಲಕೋಟೆಯನ್ನೂ ಒಳಗಿಟ್ಟಿದ್ದರು.

ಉತ್ತರ ಬರೆಯಲು ಕೂತೆ. ತಗ್ಗಿನ ಆಳ ಬರೆದೆ, ಅದು ನಿಜ. ವೇಗವನ್ನೂ ಬರೆದೆ. ಆಮೇಲೆ ಬರೆಯಲಾಗಲಿಲ್ಲ. ಚಾಚಾ ಆಗ ಪಿಂಚಣಿ ತೆಗೆದುಕೊಂಡು ಸುಖವಾಗಿದ್ದರು, ಎರಡೂ ಕಣ್ಣು ಸರಿಯಾಗಿದ್ದವು. ಈಗ ನಿಜ ಹೇಳಿದರೆ ಅವರಿಗೆ ಆಗಬಹುದಾದ ತೊಂದರೆ ಏನೂ ಇರಲಿಲ್ಲ. ತೊಂದರೆ ಇದ್ದದ್ದು ನನಗೆ. ಅದನ್ನು ಒಪ್ಪಿಕೊಳ್ಳುವಷ್ಟು ಕಸುವು ಆ ಹೊತ್ತಿಗೆ ನನ್ನಲ್ಲಿ ಉಳಿದಿರಲಿಲ್ಲ. ಲಕೋಟೆಯನ್ನು ಡ್ರಾಯರಿನಲ್ಲಿ ಹಾಕಿ, ಬೆಲ್ಟು ಸರಿಮಾಡಿಕೊಂಡು, ಬಸ್ಸಿಗೆ ಹೊರಟೆ.